ಚೋಟಕ್ಕ ತೂಕಕ್ಕೆ ಬಂದದ್ದು

ಚೋಟಕ್ಕ ಮೂರು ವರ್ಷ ಒಂದೇ ಸಮನೆ ಬಾಕ್ಸಿಂಗ್ ಚಾಂಪಿಯನ್ ಆಗಿದ್ದಳು. ಆ ಮೂರು ವರ್ಷದ ಟೂರ್ನಿಗಳಲ್ಲಿ ಅವಳು ಯಾರಿಗೂ ಒಂದು ಗುದ್ದು ಕೊಟ್ಟಿರಲಿಲ್ಲ, ಯಾರಿಂದಲೂ ಒಂದು ಗುದ್ದು ತಿಂದಿರಲಿಲ್ಲ. ಅವಳದು ಎಲ್ಲಕ್ಕಿಂತ ಕೆಳಗಿನ ತೂಕದ ವರ್ಗ. ಆ ವರ್ಗದಲ್ಲಿ ಅವಳ ಹೊರತು ಇನ್ನೊಂದು ನರಪಿಳ್ಳೆ ಇರಲಿಲ್ಲ.

ಪ್ರತಿ ವರ್ಷವೂ ಅದೇ ಕಥೆ. ಕೈಗೆ ಪಟ್ಟಿ ಸುತ್ತಿಸಿಕೊಂಡು, ಗ್ಲೌಸ್ ತೊಟ್ಟು, ಹಗ್ಗದ ನಡುವೆ ನುಸುಳಿ ರಿಂಗಿನ ಮಧ್ಯೆ ಹೋಗಿ ನಿಲ್ಲುವಳು. ಎದುರಿನ ಮೂಲೆ ಖಾಲಿ. ರೆಫರಿ ಆ ಖಾಲಿ ಮೂಲೆಯನ್ನು ಒಮ್ಮೆ ಗಂಭೀರವಾಗಿ ದಿಟ್ಟಿಸಿ, ಯಾರಾದರೂ ಬಂದಾರೇನೋ ಎಂದು ಬಾಗಿಲ ಕಡೆಗೂ ನೋಡಿ, ಆಮೇಲೆ ಅವಳ ಕೈ ಹಿಡಿದು ಎತ್ತುವನು. ಚಪ್ಪಾಳೆ ತಟ್ಟುವವರು ನಾಲ್ಕು ಜನ. ಅವರಲ್ಲಿ ಇಬ್ಬರು ಮನೆಯವರು, ಒಬ್ಬರು ಕೋಚ್, ಇನ್ನೊಬ್ಬ ಹಾಲ್ ಗುಡಿಸುವವನು.

ಚೋಟುದ್ದ ಇದ್ದದ್ದಕ್ಕೆ ಚಿಕ್ಕಂದಿನಲ್ಲಿ ಅವಳನ್ನು ಚೋಟು ಎಂದು ಕರೆಯುತ್ತಿದ್ದರು. ಮದುವೆಯಾದ ಮೇಲೆ ಮರ್ಯಾದೆಗೆಂದು ಅಕ್ಕ ಸೇರಿಸಿದರು. ಕೆಲಸ ಹಾಸಿಗೆ ಹೊಲಿಯುವ ಕಾರ್ಖಾನೆಯಲ್ಲಿ. ಅಲ್ಲಿ ಹಾಸಿಗೆಯನ್ನು ಎದೆಯೆತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ ಹರವಿ, ಮೇಲೊಬ್ಬರು ಕೆಳಗೊಬ್ಬರು ಕೂತು ಹೊಲಿಯಬೇಕು. ಮೇಲಿನವರು ಮೊಳದುದ್ದದ ಸೂಜಿಯನ್ನು ಹತ್ತಿಯೊಳಗೆ ತೂರಿಸುತ್ತಾರೆ. ಕೆಳಗಿನವರು ಅದನ್ನು ಹಿಡಿದು, ಗುಂಡಿ ಪೋಣಿಸಿ, ವಾಪಸು ಕಳಿಸುತ್ತಾರೆ. ಚಿಕ್ಕವಳೆಂದು ಕೆಳಗಿನ ಕೆಲಸ ಚೋಟಕ್ಕನ ಪಾಲಿಗೆ ಬಂದಿತ್ತು. ಗಿಡ್ಡ ಮಣೆಯ ಮೇಲೆ ಕೂತು, ತಲೆಯ ಮೇಲಿನ ಬಟ್ಟೆಯ ಆಕಾಶವನ್ನೇ ನೋಡುತ್ತಿರಬೇಕು. ಸೂಜಿ ಎಲ್ಲಿಂದ ಮೂತಿ ತೋರಿಸುತ್ತದೆಂದು ಮೇಲಿನವರು ಹೇಳುವುದಿಲ್ಲ. ಹೀಗೆ ವರ್ಷಗಟ್ಟಲೆ ಸೂಜಿಯಿಂದ ಮೂಗು ಉಳಿಸಿಕೊಂಡು ಬಂದವಳು ಅವಳು.

ಬಾಕ್ಸಿಂಗ್ ಕ್ಲಬ್ಬಿನವರು ಒಮ್ಮೆ ಹರಿದುಹೋದ ಗುದ್ದುಚೀಲ ತಂದು ಹೊಲಿಯಲು ಕೊಟ್ಟಿದ್ದರು. ಹೊಲಿದು ಮುಗಿಸಿ ಕ್ಲಬ್ಬಿಗೆ ಕೊಂಡೊಯ್ದು ತೂಗುಹಾಕಿದ ಚೋಟಕ್ಕ, ಹೊಲಿಗೆ ಗಟ್ಟಿ ಇದೆಯೇ ನೋಡೋಣವೆಂದು ಅದಕ್ಕೆ ಎರಡು ಏಟು ಕೊಟ್ಟಳು. ತಿರುಗಿ ಬಂದ ಚೀಲದಿಂದ ಸರಕ್ಕನೆ ತಪ್ಪಿಸಿಕೊಂಡು ಮೂರನೆಯದನ್ನೂ ಕೊಟ್ಟಳು. ಚಪ್ಪಟೆ ಮೂಗಿನ ಕೋಚ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರು ಹಗಲಲ್ಲಿ ಡ್ರೈವಿಂಗ್ ಸ್ಕೂಲಿನ ಮೇಷ್ಟರು. ಶಿಷ್ಯರು ರಿಂಗಿನಲ್ಲಿ ತಪ್ಪು ಮಾಡಿದರೂ ಅವರ ಬಲಗಾಲು ನೆಲವನ್ನು ಬ್ರೇಕಿನಂತೆ ಒತ್ತುತ್ತಿತ್ತು. ಅವತ್ತು ಕಾಲು ಒತ್ತಲಿಲ್ಲ.

"ನಾಳೆಯಿಂದ ಬಾ," ಎಂದರು.

"ಚೀಲ ಮತ್ತೆ ಹರಿದಿದೆಯಾ?"

"ಇಲ್ಲ. ನೀನು ಬಾ."

ಹಾಗೆ ಶುರುವಾದದ್ದು ಖಾಲಿ ಮೂಲೆಯ ಮೂರು ಪದಕಗಳಿಗೆ ಬಂದು ನಿಂತಿತ್ತು. ಮೂರನೆಯ ಪದಕ ತಂದ ಮರುದಿನ, ಚೌಕಟ್ಟಿನ ಮೇಲೆ ಕೂತು ಸೂಜಿ ಕಳಿಸುವ ಹೆಂಗಸು ಕೆಳಗೆ ಬಗ್ಗಿ ನೋಡಿ ಹೇಳಿದಳು: "ಮುಂದಿನ ವರ್ಷ ನಾನೂ ಓಟದ ಸ್ಪರ್ಧೆಗೆ ಸೇರ್ತೀನಿ ಕಣೆ. ಒಬ್ಬಳೇ ಓಡೋದು ಎಲ್ಲಿದೆ ಅಂತ ಸ್ವಲ್ಪ ವಿಚಾರಿಸಿ ಹೇಳು."

ಮಾತು ಸೂಜಿಗಿಂತ ಆಳಕ್ಕೆ ಹೋಯಿತು. ಆ ಸಂಜೆ ಚೋಟಕ್ಕ ಕ್ಲಬ್ಬಿಗೆ ಹೋದವಳೇ, ಮೇಲಿನ ವರ್ಗಕ್ಕೆ ಹೋಗುತ್ತೇನೆ ಎಂದಳು. ಕೋಚ್ ಪಟ್ಟಿ ತಿರುವಿದರು. ಅವಳ ಮೇಲಿನ ವರ್ಗದಲ್ಲಿದ್ದ ಒಬ್ಬಳೇ ಒಬ್ಬಳು ಬೇರೆ ಊರಿಗೆ ಹೋಗಿದ್ದಳು, ಆ ವರ್ಗದಲ್ಲೂ ಮೂಲೆ ಖಾಲಿ. ಅದರ ಮೇಲಿನದರಲ್ಲಿ ಮಾತ್ರ ಜನ ಇದ್ದರು. ಆ ವರ್ಗಕ್ಕೆ ಸೇರಬೇಕಾದರೆ ಚೋಟಕ್ಕ ಕಡಿಮೆಯೆಂದರೂ ನಾಲ್ಕು ಕಿಲೋ ಮೈಗೂಡಿಸಿಕೊಳ್ಳಬೇಕು.

"ಆಗುತ್ತೆ ಬಿಡು," ಎಂದರು ಕೋಚ್. "ಶಕ್ತಿಗಿಂತ ಯುಕ್ತಿ ಮೇಲು. ತೂಕ ತಕ್ಕಡಿಗೆ, ಕೈಚಳಕ ರಿಂಗಿಗೆ."

ಈ ಮಾತನ್ನು ಅವರು ಕ್ಲಬ್ಬಿನಲ್ಲೇ ಹೇಳಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಮನೆಯವರನ್ನು ಒಪ್ಪಿಸುತ್ತೇನೆಂದು ಚೋಟಕ್ಕನ ಮನೆಗೇ ಬಂದು, ಅವಳ ಅತ್ತೆಯ ಎದುರು ಹೇಳಿದರು.

ಅತ್ತೆ ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಮೂಟೆ ತೂಗುವ ಕೆಲಸ ಮಾಡಿ ನಿವೃತ್ತರಾದವರು. ಹೆಬ್ಬಾಗಿಲಿನಂಥ ಹೆಂಗಸು. ಮೂಟೆಯನ್ನು ಕಣ್ಣಿಂದ ನೋಡಿಯೇ ತೂಕ ಹೇಳುತ್ತಿದ್ದರು. ಆ ಚಾಳಿ ಮನುಷ್ಯರ ಮೇಲೂ ಬಿಟ್ಟಿರಲಿಲ್ಲ. ಸೊಸೆಯನ್ನು ಮೊದಲ ಸಲ ನೋಡಿದಾಗ ಅವರು ಮಗನ ಕಿವಿಯಲ್ಲಿ ಹೇಳಿದ್ದು, "ಒಳ್ಳೇ ಹುಡುಗಿ, ನಲವತ್ತೇಳು ಕಿಲೋ," ಎಂದು.

"ಯುಕ್ತಿ ಮೇಲು ಅಂತೀರಾ," ಅತ್ತೆ ಕೋಚನ್ನು ಅಡಿಯಿಂದ ಮುಡಿಯವರೆಗೆ ಅಳೆದರು. "ಆನೆ ಬಿದ್ದರೂ ಕುದುರೆ ಎತ್ತರ. ಕೇಳಿಲ್ವಾ?"

"ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು. ಅದನ್ನೂ ಕೇಳಿದೀನಿ."

"ಕೀರ್ತಿ ಗುದ್ದುತ್ತಾ? ಗುದ್ದೋದು ಮೂರ್ತಿ ತಾನೇ."

"ದೊಡ್ಡ ಮೂಟೆ ತಾನಾಗೇ ನಡೆಯುತ್ತಾ ಅಮ್ಮ? ಹೊತ್ತುಕೊಂಡು ಹೋಗೋನಿಗೆ ಉಪಾಯ ಬೇಕು."

"ಮೂಟೆ ಮೈಮೇಲೆ ಬಿದ್ದಾಗ ಯಾವ ಉಪಾಯಾನೂ ನೆನಪಿಗೆ ಬರಲ್ಲ, ಮೇಷ್ಟ್ರೇ. ನಾನು ನೋಡಿದೀನಿ."

ಚೋಟಕ್ಕನ ಗಂಡ ಲಿಫ್ಟ್ ರಿಪೇರಿಯವನು, ಆಳು ಆರಡಿ, ಮನಸ್ಸು ಬೆಣ್ಣೆ. ಅವನು ಇಬ್ಬರ ಮಾತಿಗೂ ತಲೆದೂಗುತ್ತಾ ಕೂತಿದ್ದ. ಕೊನೆಗೆ, "ಲಿಫ್ಟಿನೊಳಗೆ ಇಷ್ಟೇ ಜನ ಅಂತ ಬರೆದಿರೋದು ಸುಮ್ಮನೆ ಅಲ್ಲ," ಎಂದ. ಅದು ಯಾರ ಪರ ಎಂದು ಅವನಿಗೂ ಗೊತ್ತಿರಲಿಲ್ಲ. ಚೋಟಕ್ಕ ಮಾತ್ರ, "ನಾನು ಹೋಗೋದು ಹೋಗೋದೇ," ಎಂದು ತಟ್ಟೆ ಎತ್ತಿಕೊಂಡು ಒಳಗೆ ನಡೆದಳು.

ಸೊಸೆ ಹಟ ಹಿಡಿದ ಮೇಲೆ ಅತ್ತೆ ವಾದ ಬಿಟ್ಟು ಸೌಟು ಹಿಡಿದರು. ಮೊಟ್ಟೆ, ಬೇಯಿಸಿದ ಆಲೂಗಡ್ಡೆ, ಹಾಲು, ಮತ್ತೆ ಮೊಟ್ಟೆ. ಕ್ಲಬ್ಬಿನ ಉಳಿದ ಹುಡುಗಿಯರೆಲ್ಲ ತೂಕ ಇಳಿಸಲು ಉಪವಾಸ ಬಿದ್ದು ಸೌತೆಕಾಯಿ ಕಡಿಯುತ್ತಿದ್ದರೆ, ಚೋಟಕ್ಕ ಮೂಲೆಯಲ್ಲಿ ಅವರಿಗೆ ಬೆನ್ನು ಮಾಡಿ ಕೂತು ಬಾಳೆಹಣ್ಣು ಸುಲಿಯಬೇಕಾಗಿತ್ತು. ಕಷ್ಟಪಟ್ಟು ಉಣ್ಣುವುದೂ ಒಂದು ದುಡಿಮೆಯೆಂದು ಅವಳಿಗೆ ಮೊದಲು ಗೊತ್ತಿರಲಿಲ್ಲ. ಹೊಟ್ಟೆ ಬಿರಿಯುವಂತೆ ಉಂಡ ಮೇಲೂ ಅತ್ತೆ ಕಣ್ಣಳತೆ ಮಾಡಿ, "ಇನ್ನೂ ಅರ್ಧ ಕಿಲೋ ಕಡಿಮೆ," ಎನ್ನುವರು.

ತೂಕವೇನೋ ಏರಿತು. ಅದು ಎಲ್ಲಿ ಹೋಗಿ ಕೂತಿತೆಂಬುದೇ ಪ್ರಶ್ನೆ. ತೋಳಿಗೆ ಬರಲಿಲ್ಲ, ಹೊಟ್ಟೆಗೆ ಬಂತು. ಕೈ ಮೊದಲಿನಷ್ಟೇ ಉದ್ದ. ಒಂದು ಮಧ್ಯಾಹ್ನ ಊಟವಾದ ಮೇಲೆ ಚೌಕಟ್ಟಿನ ಕೆಳಗೆ ಕೂತಿದ್ದಾಗ ಸೂಜಿ ಬಂದದ್ದು ಕಂಡಿತು, ತಲೆ ಸರಿಸಬೇಕೆಂದೂ ಹೊಳೆಯಿತು, ಆದರೆ ತಲೆ ಒಂದು ಗಳಿಗೆ ತಡವಾಗಿ ಸರಿಯಿತು. ಕಿವಿಯ ತುದಿಯಲ್ಲಿ ಒಂದು ಹನಿ ರಕ್ತ.

"ನಿದ್ದೆನಾ?" ಎಂದಳು ಮೇಲಿನವಳು.

"ಆಲೂಗಡ್ಡೆ," ಎಂದಳು ಚೋಟಕ್ಕ.

ಟೂರ್ನಿ ಬಂತು. ಹಿಂದಿನ ದಿನ ಬೆಳಿಗ್ಗೆ ತೂಕ ನೋಡುವುದು, ಮರುದಿನ ಪಂದ್ಯ. ತೂಕದ ಕೋಣೆಯ ಹೊರಗಿನ ಓಣಿಯಲ್ಲಿ ಚೋಟಕ್ಕ ಬೆಂಚಿನ ಮೇಲೆ ಕೂತು, ಕಡಿಮೆ ಬಿದ್ದ ಒಂದಿಷ್ಟಕ್ಕಾಗಿ ನೀರು ಕುಡಿಯುತ್ತಿದ್ದಳು. ಒಂದು ಬಾಟಲಿ ಮುಗಿದು ಎರಡನೆಯದು. ಶೌಚಾಲಯಕ್ಕೆ ಹೋಗುವಂತಿಲ್ಲ, ಹೋದರೆ ಕುಡಿದದ್ದೆಲ್ಲ ದಂಡ. ಕಾಲ ಮೇಲೆ ಕಾಲು ಹಾಕಿ, ಹಲ್ಲು ಕಚ್ಚಿ ಕೂತಿದ್ದಳು.

ಅದೇ ಓಣಿಯಲ್ಲಿ ಇನ್ನೊಬ್ಬಳು ಪ್ಲಾಸ್ಟಿಕ್ಕಿನ ಕೋಟು ತೊಟ್ಟು, ಬೆವರಿಳಿಸುತ್ತಾ, ಈ ತುದಿಯಿಂದ ಆ ತುದಿಗೆ ಓಡುತ್ತಿದ್ದಳು. ಓಡುವಾಗ ಮಧ್ಯೆ ಮಧ್ಯೆ ಒಂದು ಡಬ್ಬಿಗೆ ಉಗುಳುವಳು. ಉಗುಳಿದಷ್ಟೂ ತೂಕ ಇಳಿಯಿತೆಂಬ ಲೆಕ್ಕ. ಅವಳು ಹಿಟ್ಟಿನ ಗಿರಣಿಯಲ್ಲಿ ಮೂಟೆ ಎತ್ತುವ ಕೆಲಸದವಳು. ಅಗಲವಾದ ಹೆಗಲು, ತೋಳೆಂದರೆ ತೊಲೆ. ಮುಖ ಮಾತ್ರ ಬಾಡಿದ ಬದನೆಕಾಯಿ. ಬೆಂಚಿನ ಮುಂದೆ ಬಂದು ನಿಂತಳು.

"ಸ್ವಲ್ಪ ಆ ಕಡೆ ಹೋಗಿ ಕುಡೀತೀಯಾ? ನೋಡಕ್ಕಾಗ್ತಿಲ್ಲ."

ಚೋಟಕ್ಕ ಬಾಟಲಿಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ನಿನ್ನೆಯಿಂದ ನೀರು ಕುಡಿದಿಲ್ವಾ?"

"ಮೊನ್ನೆಯಿಂದ. ನೀನು ಯಾಕೆ ಹಾಗೆ ಕಾಲು ಕುಣಿಸ್ತಿದೀಯ?"

"ಹೋಗಬೇಕು. ಹೋಗೋ ಹಾಗಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೆಸರು ಕೇಳಿಕೊಂಡ ಮೇಲೆ ತಿಳಿಯಿತು, ನಾಳೆ ಎದುರುಬದುರು ನಿಲ್ಲಬೇಕಾದವರು ತಾವೇ ಎಂದು. ಗಿರಣಿಯವಳ ವರ್ಗ ಇದಕ್ಕಿಂತ ಮೇಲಿನದು. ಅಲ್ಲಿ ಅಗ್ನಿಶಾಮಕ ದಳದ ಒಬ್ಬಳು ದೈತ್ಯೆ ಎಲ್ಲರನ್ನೂ ಬಡಿದು ಹಾಕುತ್ತಿದ್ದಳು. ಗಿರಣಿಯವಳ ಕೋಚ್ ಯುಕ್ತಿಗಿಂತ ಗಾತ್ರವನ್ನು ನಂಬಿದವನು. "ಕೆಳಗೆ ಇಳಿ, ಅಲ್ಲಿ ನೀನೇ ದೊಡ್ಡೋಳು," ಎಂದು ಇವಳನ್ನು ಉಪವಾಸ ಕೆಡವಿದ್ದ. ಒಬ್ಬಳನ್ನು ಉಣಿಸಿ ಮೇಲೆ ತಂದಿದ್ದರು, ಇನ್ನೊಬ್ಬಳನ್ನು ಒಣಗಿಸಿ ಕೆಳಗೆ ತಂದಿದ್ದರು.

ಇಬ್ಬರೂ ತೂಕದಲ್ಲಿ ಪಾಸಾದರು. ಚೋಟಕ್ಕ ತಕ್ಕಡಿಯಿಂದ ಇಳಿದವಳು ನೆಟ್ಟಗೆ ಶೌಚಾಲಯಕ್ಕೆ ಓಡಿದಳು. ಅವಳು ಹಗುರಾಗಿ ವಾಪಸು ಬರುವಷ್ಟರಲ್ಲಿ ಓಣಿಯಲ್ಲಿ ಒಂದು ಅನಾಹುತ ನಡೆದುಹೋಗಿತ್ತು. ಗೋಡೆಗೆ ಒರಗಿ ಕುಸಿದು ಕೂತಿದ್ದ ಗಿರಣಿಯವಳನ್ನು ಅತ್ತೆ ನೋಡಿದ್ದರು. ಹಸಿದವರನ್ನು ಕಂಡರೆ ಅತ್ತೆಗೆ ಕೈ ಸುಮ್ಮನಿರುವುದಿಲ್ಲ. ಸೊಸೆಗೆಂದು ತಂದಿದ್ದ ಬುತ್ತಿಯನ್ನೆಲ್ಲ ಬಿಚ್ಚಿ, ಮೊಟ್ಟೆಯ ಮೇಲೆ ಮೊಟ್ಟೆ ಸುಲಿದು ಕೊಡುತ್ತಿದ್ದರು.

"ನಿಧಾನ ತಿನ್ನು ಮಗಳೇ, ಗಂಟಲಿಗೆ ಸಿಕ್ಕೊಳ್ಳುತ್ತೆ."

"ಅತ್ತೆ," ಎಂದಳು ಚೋಟಕ್ಕ, "ಅವಳು ನಾಳೆ ನನ್ನ ಗುದ್ದೋಳು."

ಅತ್ತೆಯ ಕೈ ಒಂದು ಕ್ಷಣ ನಿಂತಿತು. ಗಿರಣಿಯವಳ ಬಾಯಿಯೂ ನಿಂತಿತು. ಆಮೇಲೆ ಅತ್ತೆ ಅರ್ಧ ಸುಲಿದ ಮೊಟ್ಟೆಯನ್ನು ಪೂರ್ತಿ ಸುಲಿದು ಅವಳ ಕೈಗೇ ಇಟ್ಟರು. "ನಾಳೆ ಗುದ್ದಲಿ. ಇವತ್ತು ಹಸಿದಿದಾಳೆ."

ಮರುದಿನ ರಿಂಗಿನಲ್ಲಿ ಎದುರಿನ ಮೂಲೆ ಖಾಲಿ ಇರಲಿಲ್ಲ. ತುಂಬಿ ತುಳುಕುತ್ತಿತ್ತು. ಒಂದು ಹಗಲು ಒಂದು ರಾತ್ರಿ ಉಂಡು ಕುಡಿದು, ಗಿರಣಿಯವಳು ಕಳೆದುಕೊಂಡಿದ್ದನ್ನೆಲ್ಲ ಬಡ್ಡಿ ಸಮೇತ ವಸೂಲು ಮಾಡಿಕೊಂಡಂತಿದ್ದಳು. ಅತ್ತೆ ದೂರದಿಂದಲೇ ತೂಗಿ ನೋಡಿ, ನಿಟ್ಟುಸಿರು ಬಿಟ್ಟು, ಮಗನ ಕಡೆ ತಿರುಗಿದರು. ಮಗ ಅಷ್ಟರಲ್ಲೇ ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕಿವಿ ಮುಚ್ಚಿಕೊಂಡು ಕೂತಿದ್ದ.

ಮೊದಲನೆಯ ರೌಂಡ್ ಚೋಟಕ್ಕನದು. ಹೊಟ್ಟೆ ಭಾರವಿದ್ದರೂ ಕಣ್ಣು ಮೊದಲಿನದೇ. ಗುದ್ದು ಹೊರಡುವ ಮುನ್ನವೇ ಅವಳಿಗೆ ಕಾಣುತ್ತಿತ್ತು. ತಲೆ ತಗ್ಗಿಸಿ, ಪಕ್ಕಕ್ಕೆ ಸರಿದು, ಟಪಟಪ ಎಂದು ಎರಡು ಕೊಟ್ಟು ಹಿಂದೆ ಹಾರುವಳು. ಕೊಟ್ಟದ್ದೆಲ್ಲ ತಗಲುತ್ತಿತ್ತು. ತಗಲಿದ್ದು ಗಿರಣಿಯವಳಿಗೆ ಗೊತ್ತಾಗುತ್ತಿದೆಯೇ ಎಂಬುದೇ ಅನುಮಾನ. ಸೊಳ್ಳೆ ಕಡಿದ ಎಮ್ಮೆಯಂತೆ ಒಮ್ಮೆ ತಲೆ ಕೊಡವಿ ಮತ್ತೆ ಮುಂದೆ ಬರುವಳು.

ಎರಡನೆಯ ರೌಂಡಿನಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ಅದನ್ನು ಕೋಚೂ ಯೋಚಿಸಿರಲಿಲ್ಲ, ಅತ್ತೆಯೂ ಯೋಚಿಸಿರಲಿಲ್ಲ. ಗಿರಣಿಯವಳು ದೊಡ್ಡವಳೂ ಹೌದು, ಜಾಣೆಯೂ ಹೌದು. ಗಾತ್ರ ಇದ್ದವಳಿಗೆ ಯುಕ್ತಿ ಇರಬಾರದೆಂದು ಯಾವ ಗಾದೆಯೂ ಹೇಳಿರಲಿಲ್ಲ. ಗುದ್ದಲು ಹೋಗಿ ಸಾಕಾದವಳು ಗುದ್ದುವುದನ್ನೇ ಬಿಟ್ಟು, ಹತ್ತಿರ ಬಂದು, ಚೋಟಕ್ಕನ ಹೆಗಲ ಮೇಲೆ ಸುಮ್ಮನೆ ಒರಗಿದಳು. ರೆಫರಿ ಬಿಡಿಸುವವರೆಗೆ ಒರಗುವುದು, ಬಿಡಿಸಿದ ಮೇಲೆ ಮತ್ತೆ ಬಂದು ಒರಗುವುದು. ಗುದ್ದಾದರೆ ತಪ್ಪಿಸಿಕೊಳ್ಳಬಹುದು, ಒರಗುವ ಮೂಟೆಯಿಂದ ತಪ್ಪಿಸಿಕೊಳ್ಳುವುದು ಹೇಗೆ? ಮೂರನೆಯ ರೌಂಡಿನ ಹೊತ್ತಿಗೆ ಚೋಟಕ್ಕನ ಕಾಲು ಹತ್ತಿಯಾಗಿತ್ತು. ಕೋಚ್ ರಿಂಗಿನ ಪಕ್ಕ ನಿಂತು ಬಲಗಾಲಿನಿಂದ ನೆಲ ಒತ್ತುತ್ತಲೇ ಇದ್ದರು.

ಸೋತಳು. ಮೂವರು ತೀರ್ಪುಗಾರರಲ್ಲಿ ಒಬ್ಬ ಇವಳ ಪರ, ಇಬ್ಬರು ಅವಳ ಪರ. ಹುಬ್ಬಿನ ಮೇಲೆ ಗೋಲಿಯಷ್ಟು ದೊಡ್ಡ ಬುಗುಟು ಎದ್ದಿತ್ತು. ಕನ್ನಡಿಯಲ್ಲಿ ಅದನ್ನು ನೋಡಿಕೊಂಡಾಗ ಚೋಟಕ್ಕನಿಗೆ ನಗು ಬಂತು. ಮೂರು ಪದಕ ಗೆದ್ದಾಗಲೂ ಅಷ್ಟು ಖುಷಿಯಾಗಿರಲಿಲ್ಲ. ಕಾರ್ಖಾನೆಗೆ ಹೋದಾಗ ಚೌಕಟ್ಟಿನ ಮೇಲಿನವಳು ಬುಗುಟನ್ನು ಬೆರಳಿಂದ ಮುಟ್ಟಿ ನೋಡಿ, ಅವತ್ತು ಸೂಜಿಯನ್ನು ಮೆಲ್ಲಗೆ ಕಳಿಸಿದಳು.

ಮನೆಯಲ್ಲಿ ವಾದ ಮತ್ತೆ ಹೊತ್ತಿತು. ಗಾತ್ರವೇ ಗೆದ್ದಿತೆಂದು ಅತ್ತೆ. ಹೊಟ್ಟೆಗೆ ತುಂಬಿದ ಆಲೂಗಡ್ಡೆ ಯುಕ್ತಿಯನ್ನು ಕೆಡಿಸಿತೆಂದು ಕೋಚ್. ಚೋಟಕ್ಕ ಇಬ್ಬರನ್ನೂ ತಡೆದಳು.

"ಅತ್ತೆ, ಮಾರುಕಟ್ಟೆಯಲ್ಲಿ ಮೂಟೆ ಮೈಮೇಲೆ ಬಿದ್ದರೆ ಹಮಾಲರು ಏನ್ ಮಾಡ್ತಿದ್ರು?"

ಅತ್ತೆ ಯೋಚಿಸಿದರು. "ಹೊಸಬರು ತಳ್ಳೋಕೆ ಹೋಗಿ ಸೊಂಟ ಮುರ್ಕೊಳ್ಳೋರು. ಹಳಬರು ತಳ್ತಿರಲಿಲ್ಲ. ಒಂದು ಕಾಲು ಹಿಂದಿಟ್ಟು, ಭುಜ ಇಳಿಬಿಟ್ಟು, ಬಾಗಿಲು ತೆಗೆದ ಹಾಗೆ ತಿರುಗಿಬಿಡೋರು. ಮೂಟೆ ತನ್ನ ಪಾಡಿಗೆ ತಾನು ನೆಲಕ್ಕೆ ಹೋಗೋದು."

"ತೋರಿಸಿ."

ಅವತ್ತಿನಿಂದ ಅಡುಗೆಮನೆಯಲ್ಲಿ, ಒಲೆಗೂ ನೀರಿನ ತೊಟ್ಟಿಗೂ ನಡುವಿನ ಇಕ್ಕಟ್ಟಿನಲ್ಲಿ, ಹೊಸ ಪಾಠ ಶುರುವಾಯಿತು. ಅತ್ತೆ ತಮ್ಮ ಅಷ್ಟೂ ಭಾರವನ್ನು ಸೊಸೆಯ ಮೇಲೆ ಬಿಟ್ಟು ಒರಗುವರು. ಸೊಸೆ ಕಾಲು ಹಿಂದಿಟ್ಟು, ಭುಜ ಇಳಿಸಿ, ತಿರುಗಿ ಪಾರಾಗಬೇಕು. ಮೊದಲ ವಾರ ಇಬ್ಬರೂ ಸೇರಿ ಪಾತ್ರೆಯ ಸ್ಟ್ಯಾಂಡನ್ನು ಎರಡು ಸಲ ಕೆಡವಿದರು. ಕೆಲಸದಿಂದ ಬಂದ ಗಂಡ ಬಾಗಿಲಲ್ಲಿ ನಿಂತು, ಅಮ್ಮ ಹೆಂಡತಿಯನ್ನು ಗೋಡೆಗೆ ಒತ್ತಿ ಹಿಡಿದಿರುವುದನ್ನು ಕಂಡು ಗಾಬರಿಯಾದ.

"ಏನಾಯ್ತು, ಜಗಳನಾ?"

"ಅಭ್ಯಾಸ," ಎಂದಿತು ಅತ್ತೆಯ ಕಂಕುಳ ಕೆಳಗಿನಿಂದ ಒಂದು ಸಣ್ಣ ದನಿ.

ಕೋಚ್ ಒಂದು ದಿನ ಬಂದು ನೋಡಿದರು. ಗಾತ್ರದ ಪಕ್ಷದವರು ಯುಕ್ತಿ ಕಲಿಸುತ್ತಿದ್ದಾರಲ್ಲ ಎಂದು ಅವರ ಮುಖ ಅರಳಿತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾಡಲಿಲ್ಲ. ಅವರ ಪಾಲಿನದನ್ನು ಅವರೂ ಮಾಡಿದರು. ಆಲೂಗಡ್ಡೆ ನಿಲ್ಲಿಸಿ, ಚೋಟಕ್ಕನ ಕೈಗೆ ಕಬ್ಬಿಣದ ಗುಂಡು ಕೊಟ್ಟು, ಹೊಟ್ಟೆಯ ತೂಕವನ್ನು ನಿಧಾನವಾಗಿ ಹೆಗಲಿಗೆ ಏರಿಸಿದರು.

ಮುಂದಿನ ವರ್ಷದ ಟೂರ್ನಿಯಲ್ಲಿ ಮತ್ತೆ ಅದೇ ಇಬ್ಬರು ಎದುರಾದರು. ಈ ಸಲ ನಿಯಮ ಬದಲಾಗಿತ್ತು. ಬೆಳಿಗ್ಗೆ ತೂಕ, ಸಂಜೆಯೇ ಪಂದ್ಯ. ಗಿರಣಿಯವಳಿಗೆ ಉಣ್ಣಲು ಒಂದು ಹಗಲಿನ ಹೊತ್ತೂ ಸಿಕ್ಕಲಿಲ್ಲ. ಕುಡಿದ ನೀರು ಮೈಗೆ ಹತ್ತುವ ಮೊದಲೇ ಗಂಟೆ ಬಾರಿಸಿದರು.

ಆದರೂ ಎರಡು ರೌಂಡ್ ಸರಿಸಮನಾಗಿ ನಡೆಯಿತು. ಗಿರಣಿಯವಳು ಬಂದು ಒರಗಿದಾಗಲೆಲ್ಲ ಚೋಟಕ್ಕ ಬಾಗಿಲು ತೆರೆದಂತೆ ತಿರುಗಿ, ಅವಳು ಮುಂದಕ್ಕೆ ಮುಗ್ಗರಿಸುವಾಗ ಪಕ್ಕೆಗೆ ಎರಡು ಕೊಡುವಳು. ಹಗ್ಗದ ಆಚೆ ಅತ್ತೆ, ಇದು ನನ್ನದು ಎಂಬಂತೆ ಅಕ್ಕಪಕ್ಕದವರನ್ನು ನೋಡುತ್ತಿದ್ದರು.

ಮೂರನೆಯ ರೌಂಡಿನ ಮಧ್ಯೆ ಗಿರಣಿಯವಳು ಮತ್ತೊಮ್ಮೆ ಬಂದು ಒರಗಿದಳು. ಚೋಟಕ್ಕ ಕಾಲು ಹಿಂದಿಟ್ಟಳು, ಭುಜ ಇಳಿಸಿದಳು. ಅಷ್ಟರಲ್ಲಿ ಅವಳಿಗೆ ಏನೋ ಬೇರೆ ಎನ್ನಿಸಿತು. ಕಳೆದ ಸಲದ ಒರಗುವಿಕೆಯಲ್ಲಿ ಒಂದು ಬಿಗಿ ಇತ್ತು, ಒಂದು ಹುನ್ನಾರ ಇತ್ತು. ಇದರಲ್ಲಿ ಏನೂ ಇರಲಿಲ್ಲ. ಕಿವಿಯ ಹತ್ತಿರ ಒಣಗಿದ ಉಸಿರು. ಮೈಯಲ್ಲಿ ಬೆವರೇ ಇಲ್ಲ. ಮೊಣಕಾಲು ಮಡಚುತ್ತಿತ್ತು. ಇವಳು ಒರಗುತ್ತಿಲ್ಲ, ಬೀಳುತ್ತಿದ್ದಾಳೆ ಎಂದು ಚೋಟಕ್ಕನಿಗೆ ಹೊಳೆಯಿತು. ಈಗ ತಿರುಗಿದರೆ ಮುಖ ಅಡಿಯಾಗಿ ನೆಲಕ್ಕೆ ಅಪ್ಪಳಿಸುತ್ತಾಳೆ.

ತಿರುಗಲಿಲ್ಲ. ಹಿಂದಿಟ್ಟ ಕಾಲನ್ನು ಊರಿ, ಎರಡೂ ತೋಳಿನಿಂದ ಅವಳನ್ನು ಬಳಸಿ ಹಿಡಿದು ನಿಂತಳು. ರೆಫರಿ, "ಬಿಡಿ, ಬಿಡಿ," ಎನ್ನುತ್ತಾ ಬಂದ. "ಬಿಟ್ಟರೆ ಬೀಳ್ತಾಳೆ ಸ್ವಾಮಿ," ಎಂದಳು ಚೋಟಕ್ಕ, ಬಾಯಲ್ಲಿದ್ದ ಹಲ್ಲುಕವಚದ ಸಂದಿಯಿಂದ. ಅವನಿಗೆ ಮಾತು ಅರ್ಥವಾಗಲಿಲ್ಲ. ಗಿರಣಿಯವಳ ಕಣ್ಣು ನೋಡಿದ ಮೇಲೆ ಅರ್ಥವಾಯಿತು. ಪಂದ್ಯ ನಿಲ್ಲಿಸಿ ಡಾಕ್ಟರನ್ನು ಕರೆದ. ಆಮೇಲೆ ಗೆದ್ದವಳೆಂದು ಚೋಟಕ್ಕನ ಕೈ ಎತ್ತಿದ, ಬಿಟ್ಟೊಡನೆ ಅದು ಜೋತುಬಿತ್ತು. ಅಷ್ಟು ತೂಕವನ್ನು ಅವಳು ಆವರೆಗೆ ಹೊತ್ತಿರಲಿಲ್ಲ.

ಡಾಕ್ಟರು ನರಕ್ಕೆ ನೀರು ಏರಿಸಿದ ಮೇಲೆ, ರಾತ್ರಿಗೆ, ಗಿರಣಿಯವಳು ಮಂಚದ ಮೇಲೆ ಎದ್ದು ಕೂತಳು. ಚೋಟಕ್ಕ ಪಕ್ಕದ ಕುರ್ಚಿಯಲ್ಲಿದ್ದಳು.

"ಗೆದ್ದೆ ಬಿಡು," ಎಂದಳು ಗಿರಣಿಯವಳು.

"ಯಾರನ್ನ? ನೀನು ಅರ್ಧ ಮೈ ಮನೆಯಲ್ಲೇ ಬಿಟ್ಟು ಬಂದಿದ್ದೆ."

"ಕೋಚ್ ಹೇಳಿದ್ದ, ಕೆಳಗೆ ಇಳಿದರೆ ದೊಡ್ಡೋಳಾಗ್ತೀಯ ಅಂತ. ನಾನು ಸಣ್ಣೋಳಾದೆ ಅಷ್ಟೇ." ಹೊದಿಕೆ ಸರಿಸಿ ಕಾಲು ಕೆಳಗೆ ಬಿಟ್ಟು ಹೇಳಿದಳು, "ಇನ್ನು ಹಸ್ಕೊಂಡು ಆಡಲ್ಲ. ಆ ದೈತ್ಯೆ ಹತ್ರಾನೇ ಏಟು ತಿಂತೀನಿ. ಹೊಟ್ಟೆ ತುಂಬ ಉಂಡು ತಿಂತೀನಿ."

ಮಾತಿಗೆ ತಪ್ಪಲಿಲ್ಲ. ತನ್ನ ಕೋಚನ್ನು ಬಿಟ್ಟು ಚಪ್ಪಟೆ ಮೂಗಿನವರ ಹತ್ತಿರ ಸೇರಿದಳು. ಮೇಲಿನ ವರ್ಗದಲ್ಲಿ ಈಗ ಅವಳೇ ಚಿಕ್ಕವಳು. ದೊಡ್ಡವರ ಎದುರು ಚಿಕ್ಕವಳಾಗಿರುವುದು ಹೇಗೆಂದು ಚೋಟಕ್ಕನಿಂದ ಕಲಿತಳು. ತಲೆ ಎಲ್ಲಿ ಇಡಬೇಕು, ಯಾವಾಗ ಸರಿಯಬೇಕು, ಯಾವಾಗ ಸರಿಯಬಾರದು, ಎಲ್ಲವನ್ನೂ. ಆರು ತಿಂಗಳ ಮೇಲೆ ಪಕ್ಕದ ಊರಿನ ಇನ್ನೊಂದು ಟೂರ್ನಿಯಲ್ಲಿ ಅಗ್ನಿಶಾಮಕ ದಳದವಳನ್ನು ಎದುರಿಸಿದಳು. ಸೋತಳು. ಆದರೆ ಮೂರು ರೌಂಡೂ ತನ್ನ ಕಾಲ ಮೇಲೆ ನಿಂತು, ಆ ದೈತ್ಯೆಯ ಮೂಗಿನಲ್ಲಿ ರಕ್ತ ಬರಿಸಿ ಸೋತಳು. ಚೋಟಕ್ಕನೂ ಅದೇ ದಿನ, ತನ್ನ ಹೊಸ ವರ್ಗದಲ್ಲಿ, ತನಗಿಂತ ಗೇಣುದ್ದ ಎತ್ತರದವಳ ಎದುರು ಗೆದ್ದಿದ್ದಳು. ಆ ಎತ್ತರದವಳು ಹೊಟ್ಟೆ ತುಂಬ ಉಂಡೇ ಬಂದಿದ್ದಳೆಂದು ಚೋಟಕ್ಕ ಮೊದಲೇ ವಿಚಾರಿಸಿಕೊಂಡಿದ್ದಳು.

ಅವತ್ತು ವಾಪಸು ಬರುವಾಗ ಎಲ್ಲರೂ ಕೋಚಿನ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ತುಂಬಿಕೊಂಡಿದ್ದರು. ಮುಂದೆ ಕೋಚ್ ಮತ್ತು ಅತ್ತೆ, ಹಿಂದೆ ಗಂಡ, ಗಿರಣಿಯವಳು, ಇಬ್ಬರ ಮಧ್ಯೆ ಅಪ್ಪಚ್ಚಿಯಾದ ಚೋಟಕ್ಕ.

"ನೋಡಿದ್ರಾ, ಎತ್ತರ ಏನ್ ಮಾಡ್ತು," ಎಂದರು ಕೋಚ್.

"ಇನ್ನೊಂದು ಪಂದ್ಯದಲ್ಲಿ ಗಾತ್ರ ಏನ್ ಮಾಡ್ತು, ಅದನ್ನೂ ಹೇಳಿ," ಎಂದರು ಅತ್ತೆ.

ಉತ್ತರ ಕೊಡಲು ಕೋಚ್ ಅತ್ತೆಯ ಕಡೆ ಪೂರ್ತಿ ತಿರುಗಿದರು. ಕಾರು ಎರಡು ಸಲ ಕೆಮ್ಮಿ, ರಸ್ತೆಯ ನಡುವೆ ನಿಂತುಬಿಟ್ಟಿತು. ಎಷ್ಟು ಕೀಲಿ ತಿರುಗಿಸಿದರೂ ಉಸಿರೆತ್ತಲಿಲ್ಲ. ತಳ್ಳದೆ ಬೇರೆ ದಾರಿ ಇರಲಿಲ್ಲ.

"ಭಾರ ಇರೋರೆಲ್ಲ ಇಳೀರಿ," ಎಂದ ಗಂಡ. "ಹಗುರ ಇರೋರು ಒಬ್ರು ಒಳಗಿದ್ದು ಸ್ಟೇರಿಂಗ್ ಹಿಡೀಲಿ."

ಯಾರು ಹಗುರವೆಂದು ಅತ್ತೆಯ ಕಣ್ಣಳತೆಯೂ ಬೇಕಾಗಲಿಲ್ಲ. ಚೋಟಕ್ಕ ಹುಟ್ಟಿದಂದಿನಿಂದ ಸ್ಟೇರಿಂಗ್ ಮುಟ್ಟಿದವಳಲ್ಲ. ಸೀಟಿನ ತುದಿಗೆ ಜರುಗಿ, ಗಾಜಿನಾಚೆ ರಸ್ತೆ ಕಾಣುವಂತೆ ಕತ್ತು ಚಾಚಿ ಕೂತಳು. ಹಿಂದಿನಿಂದ ನಾಲ್ವರೂ ಹೆಗಲು ಕೊಟ್ಟರು. ಕಾರು ಮೆಲ್ಲಗೆ ಅಲುಗಿತು, ಉರುಳಿತು, ಆಮೇಲೆ ಇಳಿಜಾರು ಸಿಕ್ಕಿದ್ದರಿಂದ ತಳ್ಳುವವರ ಕೈ ತಪ್ಪಿ ತಾನಾಗೇ ಹೊರಟಿತು.

"ಎಡಕ್ಕೆ, ಎಡಕ್ಕೆ," ಎಂದು ಹಿಂದೆ ಓಡುತ್ತಾ ಕೋಚ್ ಕೂಗಿದರು. ಚೋಟಕ್ಕ ಎಡಕ್ಕೆ ತಿರುಗಿಸಿದಳು. ದೀಪದ ಕಂಬವೊಂದು ಪಕ್ಕದಲ್ಲಿ ಸರಿದುಹೋಯಿತು. ರಸ್ತೆ ಮತ್ತೆ ಏರಾದ ಕಡೆ ಕಾರು ಸುಸ್ತಾಗಿ ತಾನೇ ನಿಂತಿತು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, ದೂರದಲ್ಲಿ ಏದುಸಿರು ಬಿಡುತ್ತಾ, ಒಬ್ಬರ ಹಿಂದೆ ಒಬ್ಬರು ಓಡಿಬರುತ್ತಿದ್ದ ನಾಲ್ವರಿಗಾಗಿ ಕಾದಳು.